ಕಾಲುರಿ ತಾನಾಗಿ ನಿಂತರೆ ವಾಸಿಯಾಯಿತೆಂದು ನಂಬಬೇಡಿ

ಹಳೆಯ ಸಕ್ಕರೆ ಕಾಯಿಲೆಯವರ ಪಾದಕ್ಕೆ ಆಗುವ ಈ ಅನಾಹುತ ಹೆಚ್ಚುಕಡಿಮೆ ಒಂದೇ ರೀತಿ ನಡೆಯುತ್ತದೆ. ಕೆಲವು ವರ್ಷ ರಾತ್ರಿ ಹೊತ್ತು ಅಂಗಾಲು ಉರಿಯುತ್ತದೆ, ಜೋಮು ಹಿಡಿಯುತ್ತದೆ, ಹೊದಿಕೆ ತಾಕಿದರೂ ಚುಚ್ಚಿದ ಹಾಗಾಗುತ್ತದೆ. ಆಮೇಲೆ ಉರಿ ತಾನಾಗಿಯೇ ಇಳಿಯುತ್ತದೆ. ಸದ್ಯ, ವಾಸಿಯಾಯಿತು ಅಂದುಕೊಳ್ಳುತ್ತಾರೆ. ಒಂದು ಸಂಜೆ ಪಾದ ತಣ್ಣಗಿದೆ ಎನಿಸಿ ಬಿಸಿನೀರಲ್ಲಿ ಕಾಲಿಟ್ಟು ಕೂರುತ್ತಾರೆ, ಹಿತವಾಗಿಯೇ ಇರುತ್ತದೆ. ಬೆಳಿಗ್ಗೆ ನೋಡಿದರೆ ಕಾಲುಚೀಲ ಚರ್ಮಕ್ಕೆ ಅಂಟಿಕೊಂಡಿದೆ. ಎಳೆದರೆ ಹೆಬ್ಬೆರಳ ಬುಡದ ಗುಳ್ಳೆಯ ಸಿಪ್ಪೆಯೂ ಜೊತೆಗೇ ಎದ್ದು ಬರುತ್ತದೆ. ನೋವು ಮಾತ್ರ ಇಲ್ಲ. ನೋವಿಲ್ಲವಲ್ಲ ಎಂದು ವಾರಗಟ್ಟಲೆ ಅದರ ಮೇಲೇ ಓಡಾಡುತ್ತಾರೆ. ಡಾಕ್ಟರ ಬಳಿ ಹೋಗುವಷ್ಟರಲ್ಲಿ ಸೋಂಕು ಮೂಳೆಗೆ ಇಳಿದಿದ್ದರೆ ಬೆರಳೇ ಹೋಗಬಹುದು.

ಉರಿ ನಿಂತದ್ದು ನರ ಸರಿಹೋಗಿಯೇ ಇರಬೇಕೆಂದಿಲ್ಲ, ನೋವು ತಿಳಿಸುವ ನರದ ಎಳೆಗಳೇ ಸತ್ತಿದ್ದರಿಂದಲೂ ಇರಬಹುದು. ಸಕ್ಕರೆ ಕಾಯಿಲೆಯಲ್ಲಿ ಅತಿ ಉದ್ದದ ನರಗಳು ಮೊದಲು ಕೆಡುವುದರಿಂದ ಕಾಲ್ಬೆರಳ ತುದಿಯಿಂದಲೇ ಇದು ಶುರುವಾಗುತ್ತದೆ. ಪತ್ತೆಹಚ್ಚುವುದು ಸುಲಭ: 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತುತ್ತಾರೆ, 128 ಹರ್ಟ್ಜ್ ಶ್ರುತಿಕವೆಯನ್ನು (ತಟ್ಟಿದರೆ ಕಂಪಿಸುವ ಲೋಹದ ಕವೆ) ಹೆಬ್ಬೆರಳ ಮೂಳೆಗೆ ತಾಗಿಸುತ್ತಾರೆ. ಒತ್ತಿದ್ದು, ಕಂಪಿಸಿದ್ದು ಗೊತ್ತಾಗದಿದ್ದರೆ ನರ ಕೆಟ್ಟಿರಬಹುದು. ಕೆಲವೇ ನಿಮಿಷದ ಕೆಲಸ. ವರ್ಷಕ್ಕೊಮ್ಮೆ ಕೇಳಿಯಾದರೂ ಮಾಡಿಸಿಕೊಳ್ಳಿ.

ಸ್ಪರ್ಶ ಹೋಗಿದೆ ಎಂದು ತಿಳಿದ ಮೇಲೆ ಕಾಲು ನೆನೆಸುವುದನ್ನೇ ಬಿಡಿ, ಬಿಸಿನೀರಿನ ಬ್ಯಾಗೂ ಬೇಡ. ತೊಳೆಯುವ ನೀರು 37 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಥರ್ಮಾಮೀಟರ್ ಇಟ್ಟು ನೋಡಿ, ಇಲ್ಲವೇ ನರ ಚೆನ್ನಾಗಿರುವ ಇನ್ನೊಬ್ಬರ ಕೈಲಿ ನೋಡಿಸಿ. ಬೆರಳ ಸಂದು ಒಣಗಿಸಿ, ಪಾದಕ್ಕೆ ಕ್ರೀಮು ಹಚ್ಚಿದರೂ ಆ ಸಂದಿಗೆ ಹಚ್ಚಬೇಡಿ. ಆಣಿಯನ್ನು ಬ್ಲೇಡಿನಲ್ಲಿ ಕೊಯ್ಯುವುದು, ಆಣಿಪಟ್ಟಿ ಅಂಟಿಸುವುದು ಎರಡೂ ಅಪಾಯ; ಆ ಪಟ್ಟಿಯಲ್ಲಿರುವ ಸ್ಯಾಲಿಸಿಲಿಕ್ ಆಮ್ಲ ಒಳ್ಳೆಯ ಚರ್ಮವನ್ನೂ ಸುಡುತ್ತದೆ. ಶೂ ಹಾಕುವ ಮುನ್ನ ಒಳಗೆ ಕೈಯಾಡಿಸಿ. ಒಂದು ಕಲ್ಲಿನ ಚೂರು ಸಾಕು, ಸಂಜೆಯೊಳಗೆ ಹುಣ್ಣು ಮಾಡಲು.

ಪ್ರೀಗ್ಯಾಬಲಿನ್, ಡುಲೊಕ್ಸೆಟಿನ್ ಎಂಬ ಔಷಧಿಗಳು ಉರಿಯನ್ನು ತಗ್ಗಿಸುತ್ತವೆಯೇ ಹೊರತು ನರ ಬೆಳೆಸುವುದಿಲ್ಲ, ಆದರೂ ಹಠಾತ್ತನೆ ನಿಲ್ಲಿಸಬಾರದು. ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಬಹುಕಾಲ ನುಂಗುತ್ತಿದ್ದರೆ ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ, ಅದರ ಕೊರತೆಯೂ ಇದೇ ಜೋಮು ತರುತ್ತದೆ. ಇನ್ನೊಂದು ಮಾತು, ಇದು ಅನೇಕರಿಗೆ ಗೊತ್ತಿರುವುದಿಲ್ಲ: ನರದ ಶಕ್ತಿಗೆಂದು ತಾವೇ ಕೊಂಡು ನುಂಗುವ ವಿಟಮಿನ್ ಮಾತ್ರೆಗಳಲ್ಲಿ ಬಿ6 ವಿಪರೀತವಾದರೆ ಅದೇ ನರವನ್ನು ಕೆಡಿಸುತ್ತದೆ.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಶಾರ್ಕೋ ಪಾದ. ಗಾಯವಿಲ್ಲದೆ ಒಂದು ಪಾದ ಕೆಂಪಾಗಿ ಊದುತ್ತದೆ, ಇನ್ನೊಂದಕ್ಕಿಂತ ಬಿಸಿಯಾಗಿರುತ್ತದೆ, ನೋವು ಅಷ್ಟಾಗಿ ಇರುವುದಿಲ್ಲ. ಉಳುಕೆಂದೋ ಸೋಂಕೆಂದೋ ಕಾಣುತ್ತದೆ. ಮೊದಮೊದಲು ಎಕ್ಸ್‌ರೇಯಲ್ಲೂ ಏನೂ ಸಿಗದಿರಬಹುದು. ಒಳಗೆ ಮಾತ್ರ ಮೂಳೆ ಮೆತ್ತಗಾಗಿ, ಇಡುವ ಒಂದೊಂದು ಹೆಜ್ಜೆಗೂ ಮುರಿಯುತ್ತಿರುತ್ತದೆ. ಅಂಥ ಪಾದ ಕಂಡ ದಿನವೇ ಅದನ್ನು ನೆಲಕ್ಕೆ ಊರದೆ ಆಸ್ಪತ್ರೆಗೆ ಹೋಗಿ, ‘ಇದು ಶಾರ್ಕೋ ಅಲ್ಲ ತಾನೇ?’ ಎಂದು ನೀವೇ ಬಾಯಿಬಿಟ್ಟು ಕೇಳಿ.