ಮೂಡಲ್‌ನ ಚರ್ಚಾ ವಿಭಾಗ: ನಾಲ್ಕು ಸೆಮಿಸ್ಟರ್ ಬಳಸಿದ ಮೇಲೆ

ಹುಬ್ಬಳ್ಳಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಡೇಟಾ ಸ್ಟ್ರಕ್ಚರ್ಸ್, ಅಂದರೆ ಕಂಪ್ಯೂಟರಿನಲ್ಲಿ ಮಾಹಿತಿಯನ್ನು ಜೋಡಿಸಿಡುವ ಬಗೆಗಳನ್ನು ಕಲಿಸುತ್ತೇನೆ. ತರಗತಿಯಲ್ಲಿ ಸಂಶಯವಿದೆಯೇ ಎಂದು ಕೇಳಿದರೆ 60 ತಲೆಗಳೂ ಕೆಳಗೆ. ಅದೇ ಹುಡುಗರು ಸಂಜೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಪರದೆಯ ಫೋಟೊ ಹಾಕಿ, ಪ್ರೋಗ್ರಾಂ ಓಡುತ್ತಿಲ್ಲ ಎನ್ನುತ್ತಿದ್ದರು. ನನ್ನ ಉತ್ತರ ಬೆಳಗಾಗುವಷ್ಟರಲ್ಲಿ ಶುಭೋದಯದ ಹೂಗಳ ಕೆಳಗೆ ಹೂತುಹೋಗುತ್ತಿತ್ತು. ಮರುದಿನ ಇನ್ನೊಬ್ಬನಿಂದ ಅದೇ ಪ್ರಶ್ನೆ.

ಮೂಡಲ್ ಪಾಠ, ಚರ್ಚೆ, ಪರೀಕ್ಷೆಗಳನ್ನು ಆನ್‌ಲೈನಿನಲ್ಲಿ ನಡೆಸಲು 2002ರಿಂದ ಇರುವ ಉಚಿತ, ಮುಕ್ತ ತಂತ್ರಾಂಶ. ಕಾಲೇಜಿನ ಸರ್ವರಿನಲ್ಲಿ ಆಗಲೇ ಇತ್ತು. ನಾವು ಅದನ್ನು ನೋಟ್ಸ್ ತುಂಬುವ ಗೋದಾಮು ಮಾಡಿಕೊಂಡಿದ್ದೆವು.

ಮೊದಲ ಸೆಮಿಸ್ಟರ್ ನೀರಿನಲ್ಲಿ ಹೋಮ. ಮೂಡಲ್‌ನ ಚರ್ಚಾ ವಿಭಾಗ ತೆರೆದು, ಅಲ್ಲಿ ವಾರಕ್ಕೆ ಎರಡು ಬರಹ ಕಡ್ಡಾಯ ಎಂದು ಅಂಕ ಇಟ್ಟೆ. ಭಾನುವಾರ ರಾತ್ರಿ ಸಾಲುಸಾಲಾಗಿ 'ನಾನೂ ಒಪ್ಪುತ್ತೇನೆ' ಬಂದವು. ತಪ್ಪು ನನ್ನದೇ. ಸ್ಟ್ಯಾಕ್ ಎಂದರೇನು ಎಂದು ಕೇಳಿದರೆ ಜಗಳವಾಡಲು ಏನಿದೆ?

ದಾರಿ ಸಿಕ್ಕಿದ್ದು ಚರ್ಚಾ ವಿಭಾಗದ ಪ್ರಶ್ನೋತ್ತರ ಮಾದರಿಯಲ್ಲಿ. ತಾನು ಉತ್ತರ ಬರೆಯುವ ತನಕ ವಿದ್ಯಾರ್ಥಿಗೆ ಉಳಿದವರದು ಕಾಣುವುದಿಲ್ಲ. ಬರೆದ ಮೇಲೂ ತಿದ್ದುವ ಅವಧಿ ಮುಗಿಯಬೇಕು. ಸೆಟ್ಟಿಂಗ್ ಬದಲಾಯಿಸದಿದ್ದರೆ ಆ ಅವಧಿ 30 ನಿಮಿಷ. ನಕಲು ಮಾಡುವವನ ಕೈ ಕಟ್ಟಿಹಾಕಲು ಅಷ್ಟು ಸಾಕು. ಲಿಂಕ್ಡ್ ಲಿಸ್ಟ್ ಎಂದರೆ ಒಂದೊಂದು ಕೊಂಡಿಯೂ (ನೋಡ್) ಮುಂದಿನದರ ವಿಳಾಸ ಇಟ್ಟುಕೊಂಡಿರುವ ಸರಪಳಿ. ಅದರ ಒಂದು ನೋಡ್‌ನ ಮೆಮೊರಿಯನ್ನು ಬಿಟ್ಟುಕೊಟ್ಟು, ಆಮೇಲೆ ಅದರಿಂದಲೇ ಮುಂದಿನ ನೋಡ್‌ನ ವಿಳಾಸ ಓದುವ ಸಿ ಕೋಡ್ ಹಾಕಿದೆ. ಓಡಿಸದೆ ಹೇಳಿ, ಏನಾಗುತ್ತದೆ? ಸರಿಯಾಗಿ ನಡೆಯುತ್ತದೆ ಎಂದು ಕೆಲವರು, ಕುಸಿಯುತ್ತದೆ ಎಂದು ಉಳಿದವರು. ಕದ್ದು ಓಡಿಸಿದವರಿಗೂ ಒಂದೇ ಫಲ ಸಿಗಲಿಲ್ಲ, ಏಕೆಂದರೆ ಇಂಥ ಕಡೆ ಸಿ ಭಾಷೆ ಯಾವ ಖಾತರಿಯನ್ನೂ ಕೊಡುವುದಿಲ್ಲ. ವಾದ ಮೂರು ದಿನ ನಡೆಯಿತು. ನಾನು ಬಾಯಿ ಬಿಡಲಿಲ್ಲ. ಮೇಷ್ಟರು ಉತ್ತರ ಹೇಳಿದೊಡನೆ ಎಲ್ಲರೂ ಚೀಲ ಎತ್ತಿಕೊಳ್ಳುತ್ತಾರೆ. ಕೊನೆಗೆ ನವಲಗುಂದದ ಕಡೆಯ, ತರಗತಿಯಲ್ಲಿ ದನಿಯೇ ಕೇಳದ ಹುಡುಗಿ ಕನ್ನಡದಲ್ಲಿ ಬರೆದಳು: ಬಾಡಿಗೆ ಮನೆಯ ಕೀಲಿ ಒಪ್ಪಿಸಿದ ಮೇಲೆ ಮರೆತ ಸಾಮಾನು ಹುಡುಕಿ ಹೋದಂತೆ ಇದು. ಇದ್ದರೂ ಇದ್ದೀತು, ಹೊಸಬರು ಬಂದು ಹೊರಗೆ ಎಸೆದಿದ್ದರೂ ಎಸೆದಿದ್ದಾರು. ಅದನ್ನೇ ಈಗ ಕಪ್ಪುಹಲಗೆಯ ಮೇಲೆ ಹೇಳುತ್ತೇನೆ.

ಈಗ ಅಂಕ ಬರಹಗಳ ಎಣಿಕೆಗಲ್ಲ, ಇನ್ನೊಬ್ಬರ ತಪ್ಪನ್ನು ಕಾರಣ ಕೊಟ್ಟು ತೋರಿಸಿದ್ದಕ್ಕೆ.

ಕಿರಿಕಿರಿ ಇಲ್ಲದಿಲ್ಲ. ಕೋಡ್ ಅಂಟಿಸಿದರೆ ಸಾಲಿನ ಆರಂಭದ ಖಾಲಿ ಜಾಗ ಕಲಸಿಹೋಗುತ್ತದೆ; ಪೈಥಾನ್ ಭಾಷೆಯಲ್ಲಿ ಅಷ್ಟಕ್ಕೇ ಅರ್ಥ ಕೆಡುತ್ತದೆ. ಹೆಸರು ಮರೆಸಿ ಕೇಳುವ ಸೌಲಭ್ಯ ಮೂಲ ತಂತ್ರಾಂಶದಲ್ಲಿ ಇಲ್ಲ, ನಾಚುವವರಿಗೆ ಇದೇ ದೊಡ್ಡ ಅಡ್ಡಿ. ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಬರುವವರು ಮೊಬೈಲಿನಲ್ಲಿ ಓದಿಕೊಳ್ಳುತ್ತಾರೆ, ಕೋಡ್ ಬರೆಯಲು ಮಾತ್ರ ಲ್ಯಾಬಿಗೇ ಬರಬೇಕು. ಪರೀಕ್ಷೆಯ ಹಿಂದಿನ ವಾರ ಸರ್ವರ್ ಎರಡು ಸಲ ಮಲಗಿತು. ಅದು ಮೂಡಲ್‌ನ ತಪ್ಪಲ್ಲ.

ವಾಟ್ಸ್ಆ್ಯಪ್ ಗುಂಪು ಇನ್ನೂ ಇದೆ. ನಾಳೆ ಲ್ಯಾಬ್ ಇದೆಯೇ ಎಂದು ಅಲ್ಲಿ ಕೇಳುತ್ತಾರೆ.