ಟಣ್ ಎಂದದ್ದೆಲ್ಲ ವಿಲಾಯತಿಯಲ್ಲ

ಮುಂಬಯಿಯ ಚೋರ್ ಬಜಾರಿನಲ್ಲಿ, ಅದರಲ್ಲೂ ಮಟನ್ ಸ್ಟ್ರೀಟಿನಲ್ಲಿ, ಹಳೇ ವೈನ್ ಗ್ಲಾಸು ಕೈಗೆತ್ತಿಕೊಂಡರೆ ಸಾಕು, ಅಂಗಡಿಯವ ಅಂಚಿಗೆ ಉಗುರು ತಾಗಿಸಿ ‘ಸುನೋ ಸಾಬ್, ವಿಲಾಯತಿ ಮಾಲ್’ ಅಂತಾನೆ. ಈ ಟಣ್ ಪರೀಕ್ಷೆಯನ್ನು ನಾನಂತೂ ನೆಚ್ಚುವುದಿಲ್ಲ. ಹಳೇ ವಿಲಾಯತಿ ಗ್ಲಾಸಿನಂತೆ ಸೀಸ ಬೆರೆತ ಗಾಜಿನ ನಾದ ಹೆಚ್ಚು ಹೊತ್ತು ನಿಲ್ಲುತ್ತದೆ, ನಿಜ. ಆದರೆ ತೆಳು ಬಾಯಿಯ ಹೊಸ ಸೋಡಾ ಗಾಜೂ (ಸೀಸವಿಲ್ಲದ ಮಾಮೂಲಿ ಗಾಜು) ಸೊಗಸಾಗಿ ಹಾಡುತ್ತದೆ, ದಪ್ಪ ತಳದ ಸೀಸದ ಟಂಬ್ಲರ್ ಠಪ್ಪೆಂದು ಸುಮ್ಮನಾಗುತ್ತದೆ. ಆ ಬೀದಿಯ ಹಾರ್ನ್ ಗದ್ದಲದಲ್ಲಿ ಕೇಳಿಸುವುದಾದರೂ ಎಷ್ಟು?

ಯುವಿ, ಅಂದರೆ ನೇರಳಾತೀತ ಬೆಳಕಿನ, ಟಾರ್ಚ್ ಕೂಡ ಕೊಂಡೆ. ಯುರೇನಿಯಂ ಗಾಜು ಕಡು ಹಸಿರಾಗಿ ಹೊಳೆಯುತ್ತದೆ, ಮ್ಯಾಂಗನೀಸ್ ಹಾಕಿದ್ದು ಮಂಕು ಹಸಿರು. ಬಿಸಿಲಲ್ಲಿ ಎರಡೂ ಸರಿಯಾಗಿ ಕಾಣವು. ಯುರೇನಿಯಂ ಗಾಜಿನ ಹುಚ್ಚಿದ್ದವರು ಇಟ್ಟುಕೊಳ್ಳಲಿ.

ಡೊಂಬಿವಲಿಯ ಮನೆಗೆ ತಂದ ಮೇಲೆ ನಂಬಬಹುದಾದದ್ದು ಅಡುಗೆಮನೆಯ ಡಿಜಿಟಲ್ ತಕ್ಕಡಿ. ಮೊದಲು ಗ್ಲಾಸನ್ನು ಒಣಗಿದ್ದಂತೆಯೇ ತೂಗಿ. ಆಮೇಲೆ ನೀರಿನ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಗ್ಲಾಸನ್ನು ದಾರಕ್ಕೆ ಕಟ್ಟಿ ತಳಕ್ಕೆ ತಾಗದಂತೆ ಪೂರ್ತಿ ಮುಳುಗಿಸಿ. ಒಳಗೆ ಗಾಳಿಗುಳ್ಳೆ ಉಳಿಯಬಾರದು. ಒಣ ತೂಕ 236 ಗ್ರಾಂ, ಈಗ ತೋರಿಸುವುದು 80 ಅಂದುಕೊಳ್ಳಿ: ಭಾಗಿಸಿದರೆ 2.95, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ಅಷ್ಟು ಪಟ್ಟು ಭಾರ. ಸೋಡಾ ಗಾಜು 2.5ರ ಆಸುಪಾಸು, ಸೀಸದ್ದು 3ರ ಹತ್ತಿರ. ಆದರೆ ಇದು ಹೇಳುವುದು ಜಾತಿಯನ್ನು, ವಯಸ್ಸನ್ನಲ್ಲ. ಲಂಡನ್ನಿನ ಜಾರ್ಜ್ ರೇವನ್ಸ್‌ಕ್ರಾಫ್ಟ್ 1674ರಲ್ಲಿ ಪೇಟೆಂಟ್ ಪಡೆದ ಸೀಸದ ಗಾಜನ್ನು ಇಂದಿಗೂ ಮಾಡುತ್ತಾರಲ್ಲ.

ವಯಸ್ಸಿಗೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದು ಪಾದ ನೋಡಬೇಕು. ತಲೆಮಾರುಗಟ್ಟಲೆ ಮೇಜಿನ ಮೇಲೆ ಸರಿದಾಡಿದ ಗ್ಲಾಸಿನಲ್ಲಿ, ಮೇಜಿಗೆ ತಾಗುವ ಅಂಚಿನಲ್ಲಷ್ಟೇ, ಕೂದಲೆಳೆಯಂಥ ಗೀರುಗಳು ದಿಕ್ಕುದೆಸೆಯಿಲ್ಲದೆ ಒಂದರ ಮೇಲೊಂದು ಬಿದ್ದಿರುತ್ತವೆ. ಮರಳುಕಾಗದ ಉಜ್ಜಿದ್ದಾದರೆ ಗೀರೆಲ್ಲ ಒಂದೇ ದಿಕ್ಕು, ತಾಗದ ಕಡೆಯೂ ಮಸುಕು. 18ನೇ ಶತಮಾನದ ಇಂಗ್ಲಿಷ್ ವೈನ್ ಗ್ಲಾಸುಗಳ ಪಾದ ಸಾಮಾನ್ಯವಾಗಿ ಬಾಯಿಯಷ್ಟೇ ಅಗಲ ಅಥವಾ ಇನ್ನೂ ಹೆಚ್ಚು. ನಡುವೆ ಗೋಪುರದಂತೆ ಎದ್ದಿರುತ್ತದೆ, ಮಾಡುವಾಗ ಗ್ಲಾಸನ್ನು ಹಿಡಿದಿದ್ದ ಸರಳಿನಿಂದ ಮುರಿದ ಒರಟು ಗುರುತು ಮೇಜನ್ನು ಗೀಚದಿರಲೆಂದು. ಆದರೆ ಬರೀ ಆ ಗುರುತಿಗೆ ಮರುಳಾಗಬೇಡಿ: ಈಗಲೂ ಬಾಯಿಂದ ಊದಿ ಮಾಡಿದ ಗ್ಲಾಸಿನಲ್ಲಿ ಅದು ಇರಬಹುದು. ಬಾಯಿಂದ ಪಾದದವರೆಗೆ ಅಚ್ಚಿನ ಗೆರೆ ಕಂಡರಂತೂ 18ನೇ ಶತಮಾನದ ಮಾತೇ ಬೇಡ.

ಅಂಗಡಿ ಮುಂದೆ ಪಾತ್ರೆಗೆ ನೀರು ತುಂಬಿಸಿಕೊಂಡು ಕೂರಲಾಗದು. ಅಲ್ಲಿ ಜೇಬಿನ ಲೂಪ್ ಒಂದೇ ಗತಿ. ತಕ್ಕಡಿ, ದುಡ್ಡು ಕೊಟ್ಟು ತಂದ ಮೇಲಿನ ಸಮಾಧಾನಕ್ಕೆ.