ಹಳೆಯ ಜೀಪನ್ನು ಮರಳುಗಾಡಿಗೆ ಒಯ್ಯುವ ಮುನ್ನ ಗ್ಯಾರೇಜಿಗೆ ಬಿಡುವವರು ದಯವಿಟ್ಟು ಓದಿ

ಹಳೆಯ ಫೋರ್ ವೀಲ್ ಜೀಪನ್ನು ದೂರದ ಪ್ರಯಾಣಕ್ಕೆ ಅಣಿಗೊಳಿಸಲು ಗ್ಯಾರೇಜಿಗೆ ಬಿಡಬೇಕೆಂದಿರುವ ಹಾಸನ, ಚಿಕ್ಕಮಗಳೂರು ಕಡೆಯವರು ನನಗಾದದ್ದನ್ನು ಮೊದಲು ಓದಿ, ಆಮೇಲೆ ಬೀಗದ ಕೈ ಕೊಡಿ. 86,000 ರೂಪಾಯಿ ಎಣಿಸಿಕೊಂಡು ಹೊಸ ಸಾಮಾನು ಹಾಕಿದ್ದೇವೆಂದು ಚೀಟಿ ಬರೆದುಕೊಟ್ಟವರು ನಿಜವಾಗಿ ಹಾಕಿದ್ದು ಬಣ್ಣ. ಅದು ನನಗೆ ತಿಳಿದದ್ದು ಇಲ್ಲಿ ಊರಿನಲ್ಲಿ ಅಲ್ಲ. ಎರಡು ಸಾವಿರ ಕಿಲೋಮೀಟರಿಗೆ ಹತ್ತಿರದ ದಾರಿ ಓಡಿಸಿಕೊಂಡು ಹೋದ ಮೇಲೆ, ಜೈಸಲ್ಮೇರಿನಾಚೆಯ ಮರಳಿನಲ್ಲಿ, ಹತ್ತಾರು ಅಪರಿಚಿತರ ಎದುರಿನಲ್ಲಿ.

ಜೀಪು ನಮ್ಮ ತಂದೆಯವರು 1991ರಲ್ಲಿ ಕೊಂಡ ಮಹೀಂದ್ರಾ ಎಂಎಂ 540. ಪ್ಯೂಜೋ ವಿನ್ಯಾಸದ 2.1 ಲೀಟರ್ ಡೀಸೆಲ್ ಎಂಜಿನ್ನಿನ ಈ ಗಾಡಿ ಆಲ್ದೂರು ಕಡೆಯ ನಮ್ಮ ತೋಟದಲ್ಲಿ ಮೂವತ್ತು ಮಳೆಗಾಲ ಗೊಬ್ಬರ, ಕಾಫಿ ಮೂಟೆ, ಆಸ್ಪತ್ರೆಗೆ ಹೋಗಬೇಕಾದ ಜನ, ಎಲ್ಲವನ್ನೂ ಹೊತ್ತಿದೆ. ತಂದೆಯವರಿಗೆ ಒಮ್ಮೆಯಾದರೂ ಇದರಲ್ಲಿ ಥಾರ್ ಮರುಭೂಮಿಗೆ ಹೋಗಬೇಕೆಂಬ ಆಸೆಯಿತ್ತು, ಅವರಿಂದ ಆಗಲಿಲ್ಲ. ಆದ್ದರಿಂದ ಅರೇಬಿಕಾ ಕೊಯ್ಲು ಮುಗಿದ ಮೇಲೆ ಫೆಬ್ರವರಿಯ ಮೊದಲ ವಾರ ಚಿಕ್ಕಪ್ಪನ ಮಗನನ್ನು ಜೊತೆಗೆ ಕರೆದುಕೊಂಡು ಹೊರಡುವುದೆಂದು ನಿಶ್ಚಯಿಸಿದೆ. ಜೀಪನ್ನು ಬಹುಕಾಲದಿಂದ ನೋಡಿಕೊಳ್ಳುತ್ತಿದ್ದ ಹಿರಿಯ ಮೇಸ್ತ್ರಿ ಕೆಲಸ ನಿಲ್ಲಿಸಿದ್ದರಿಂದ, ಪರಿಚಯದವರೊಬ್ಬರ ಮಾತಿನ ಮೇಲೆ ಗಾಡಿಯನ್ನು ಬೇಲೂರು ದಾರಿಯಾಗಿ ಹಾಸನಕ್ಕೆ ಒಯ್ದೆ. ಇಲ್ಲಿಂದಲೇ ತಪ್ಪು ಶುರುವಾಯಿತು, ಏಕೆಂದರೆ ಅರವತ್ತು ಕಿಲೋಮೀಟರ್ ದೂರದ ಗ್ಯಾರೇಜಿನಲ್ಲಿ ಸಂಜೆ ಹೊತ್ತು ಹೋಗಿ ನಿಂತು ನೋಡಲು ಆಗುವುದಿಲ್ಲ.

ನಾನು ಕೇಳಿದ ಕೆಲಸ ಸ್ಪಷ್ಟವಾಗಿತ್ತು, ನನ್ನ ಕೈಯಲ್ಲೇ ಬರೆದು ಕೊಟ್ಟಿದ್ದೆ. ರೇಡಿಯೇಟರಿಗೆ ಹೊಸ ಕೋರ್ (ಎಂಜಿನ್ನಿನ ನೀರು ತಣಿಯುವ ಕೊಳವೆಗಳ ಜಾಲ), ಕ್ಲಚ್ ಪ್ಲೇಟ್, ನಾಲ್ಕೂ ಗಾಲಿಯ ಬೇರಿಂಗಿಗೆ ಹೊಸ ಗ್ರೀಸ್, ಯು.ಜೆ. ಕ್ರಾಸ್ (ಶಾಫ್ಟಿನ ಕೀಲು), ಮುಂದಿನ ಎರಡೂ ಹಬ್ಬಿನ, ಅಂದರೆ ಗಾಲಿಯ ನಡುಭಾಗದ, ಡ್ರೈವ್ ಫ್ಲ್ಯಾಂಜ್ (ಆ್ಯಕ್ಸಲಿನ ತಿರುಗುವಿಕೆಯನ್ನು ಗಾಲಿಗೆ ದಾಟಿಸುವ ಹಲ್ಲಿನ ಬಿಲ್ಲೆ). ಕೊನೆಯದನ್ನು ಎರಡು ಸಲ ಹೇಳಿದ್ದೆ. ತೋಟದ ಕೆಸರಿನಲ್ಲಿ ವರ್ಷಗಟ್ಟಲೆ ಫೋರ್ ವೀಲ್ ಹಾಕಿ, ಅಂದರೆ ಮುಂದಿನ ಗಾಲಿಗಳಿಗೂ ಎಂಜಿನ್ನಿನ ಬಲ ಕೊಟ್ಟು, ಎಳೆದ ಗಾಡಿಯಲ್ಲಿ ಆ ಫ್ಲ್ಯಾಂಜಿನ ಒಳಹಲ್ಲುಗಳು ಸವೆಯುತ್ತವೆ. ಅವು ಸವೆದರೆ ಆ್ಯಕ್ಸಲ್ ತಿರುಗಿದರೂ ಗಾಲಿ ತಿರುಗುವುದಿಲ್ಲ. ಗ್ಯಾರೇಜಿನ ಮಾಲೀಕರು ತಲೆಯಾಡಿಸಿ, “ಸಾರ್, ರಾಜಸ್ಥಾನ ಏನು, ಲಡಾಖಿಗೇ ಹೋಗ್ಬನ್ನಿ, ಗಾಡಿ ನನ್ನ ಜವಾಬ್ದಾರಿ” ಎಂದರು. ಈ ವಾಕ್ಯ ನನಗೆ ಅಕ್ಷರಶಃ ನೆನಪಿದೆ. ಗಾಡಿ ನನ್ನ ಜವಾಬ್ದಾರಿ.

ಎರಡು ವಾರವೆಂದದ್ದು ಏಳು ವಾರವಾಯಿತು. ಸಾಮಾನು ಬಂದಿಲ್ಲ, ಹುಡುಗ ರಜೆ ಹಾಕಿದ್ದಾನೆ, ಲೇತ್ ಕೆಲಸ ಬಾಕಿಯಿದೆ, ಇವೆಲ್ಲ ನಿಮಗೂ ಗೊತ್ತಿರುವ ಉತ್ತರಗಳೇ. ಜನವರಿಯ ಕೊನೆಯಲ್ಲಿ ಮಾಲೀಕರು ತಾವೇ ಜೀಪನ್ನು ಚಿಕ್ಕಮಗಳೂರಿಗೆ ತಂದರು. ರೇಡಿಯೇಟರ್ ಕಪ್ಪಗೆ ಹೊಳೆಯುತ್ತಿತ್ತು, ಹಬ್ಬುಗಳಿಗೆ ಬೆಳ್ಳಿಬಣ್ಣ, ಎಂಜಿನ್ ತೊಳೆದು ಒರೆಸಿ ಕಣ್ಣಿಗೆ ಹಬ್ಬದಂತೆ ಮಾಡಿದ್ದರು. ಮುಂಜಾನೆಯ ಮಂಜಿನಲ್ಲಿ ಕೈಮರ ಚೆಕ್‌ಪೋಸ್ಟ್ ದಾಟಿ ಮುಳ್ಳಯ್ಯನಗಿರಿಯ ದಾರಿಯಲ್ಲಿ ಹತ್ತಿಸಿ ತೋರಿಸಿದರು. ಶಾಖದ ಮುಳ್ಳು ಮೇಲೇಳಲೇ ಇಲ್ಲ. “ನೋಡಿ ಸಾರ್, ಹೊಸ ಕೋರು, ಹೆಂಗೆ ತಣ್ಣಗಿದೆ” ಎಂದರು, ನಾನು ಸಂತೋಷಪಟ್ಟೆ. ಬಳಿಕ ಫೋರ್ ವೀಲ್ ಹಾಕಿ ಮುಂದಿನ ಆ್ಯಕ್ಸಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ತಿರುಗುವುದನ್ನು ಬಗ್ಗಿ ನೋಡಲು ಹೇಳಿದರು, ಬಗ್ಗಿ ನೋಡಿದೆ, ತಿರುಗುತ್ತಿತ್ತು. ತೆಗೆದ ಹಳೆಯ ಸಾಮಾನು ಎಲ್ಲಿ ಎಂದು ಕೇಳಿದ್ದಕ್ಕೆ, “ಗುಜರಿಗೆ ಹೋಯ್ತು ಸಾರ್, ಅದನ್ನಿಟ್ಕೊಂಡು ಏನ್ಮಾಡ್ತೀರಾ” ಎಂದರು. ನಾನು ಸುಮ್ಮನಾದೆ. ಸುಮ್ಮನಾಗಬಾರದಿತ್ತು. ಬಿಲ್ ಕೇಳಿದಾಗ ಬಿಳಿಯ ಹಾಳೆಯ ಮೇಲೆ ಸಾಮಾನಿನ ಹೆಸರು ಮತ್ತು ಮೊತ್ತ ಬರೆದು ಕೊಟ್ಟರು. ಜಿಎಸ್‌ಟಿ ಸಂಖ್ಯೆಯಿಲ್ಲ, ಮುದ್ರೆಯಿಲ್ಲ.

ಹುಬ್ಬಳ್ಳಿ, ಪುಣೆ, ಅಹಮದಾಬಾದ್ ಮೂಲಕ ಬಾಡ್ಮೇರಿನವರೆಗೆ ಗಾಡಿ ಅರವತ್ತರ ವೇಗದಲ್ಲಿ ತೊಂದರೆ ಕೊಡದೆ ಓಡಿತು. ಬಾಡ್ಮೇರಿನಿಂದ ಜೈಸಲ್ಮೇರಿಗೆ ಹೋಗುವ ಮಧ್ಯಾಹ್ನ ಮೊದಲ ಬಾರಿಗೆ ಶಾಖದ ಮುಳ್ಳು ಮುಕ್ಕಾಲು ಮುಟ್ಟಿತು. ಎದುರುಗಾಳಿಯೆಂದು ಸಮಾಧಾನ ಮಾಡಿಕೊಂಡೆ. ಗ್ಯಾರೇಜಿನವರ ಮೇಲಿನ ನಂಬಿಕೆ ಎಷ್ಟಿತ್ತೆಂದರೆ, ಕಣ್ಣೆದುರಿನ ಮುಳ್ಳಿಗಿಂತ ಅವರ ಮಾತೇ ನನಗೆ ದೊಡ್ಡದಾಗಿತ್ತು.

ಜೈಸಲ್ಮೇರಿನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ಸಮ್ ಎಂಬಲ್ಲಿ ಮರಳುದಿಬ್ಬಗಳಿವೆ. ಪ್ರವಾಸಿಗರ ಜೀಪುಗಳು ಓಡಾಡುವ ಜಾಗದಲ್ಲೇ, ಗುರುತಿದ್ದ ಗಾಲಿಜಾಡಿನ ಮೇಲೆಯೇ ಹೋಗಬೇಕೆಂದು ನಿರ್ಧರಿಸಿದ್ದೆವು. ಟೈರಿನ ಗಾಳಿಯನ್ನು 18 ಪೌಂಡಿಗೆ ಇಳಿಸಿ, ಫೋರ್ ವೀಲ್ ಲೋ ಗೇರಿಗೆ (ವೇಗ ಕಡಿಮೆ, ಎಳೆತ ಹೆಚ್ಚು) ಹಾಕಿ, ಎರಡನೆಯ ಗೇರಿನಲ್ಲಿ ನಿಧಾನವಾಗಿ ಹತ್ತತೊಡಗಿದೆ. ಮೂವತ್ತು ಅಡಿ ಹೋಗುವಷ್ಟರಲ್ಲಿ ಹಿಂಬದಿ ಕುಸಿಯಿತು. ಮರಳಿನಲ್ಲಿ ನಾಲ್ಕು ಗಾಲಿಯೂ ಎಳೆದರೆ ಗಾಡಿ ತೇಲಿದಂತೆ ಸಾಗುತ್ತದೆ, ಹಿಂದಿನ ಎರಡೇ ಎಳೆದರೆ ಅವು ತಮ್ಮ ಗುಂಡಿಯನ್ನು ತಾವೇ ತೋಡಿಕೊಳ್ಳುತ್ತವೆ. ಹೊರಗೆ ನಿಂತು ನೋಡುತ್ತಿದ್ದ ತಮ್ಮ ಕೂಗಿದ: “ಅಣ್ಣಾ, ನಿಲ್ಸು, ಮುಂದಿನ ಗಾಲಿ ತಿರುಗ್ತಾನೇ ಇಲ್ಲ!”

ಆ ಕ್ಷಣವನ್ನು ಹೇಗೆ ವಿವರಿಸಲಿ. ಕೈ ಫೋರ್ ವೀಲ್ ಲಿವರಿನ ಮೇಲಿದೆ, ಲಿವರ್ ಬಿದ್ದಿದೆ, ಶಾಫ್ಟ್ ತಿರುಗುತ್ತಿದೆ, ಗಾಲಿ ಮಾತ್ರ ಕಲ್ಲಿನಂತೆ ನಿಂತಿದೆ. ನನಗೆ ಆಗಲೇ ಎಲ್ಲವೂ ಹೊಳೆಯಿತು. ಚಿಕ್ಕಮಗಳೂರಿನಲ್ಲಿ ನನ್ನನ್ನು ಬಗ್ಗಿಸಿ ಶಾಫ್ಟ್ ತೋರಿಸಿದ್ದು ಏಕೆ, ಗಾಲಿ ತೋರಿಸಲಿಲ್ಲ ಏಕೆ ಎಂಬುದು ಹೊಳೆಯಿತು. ಅಷ್ಟರಲ್ಲಿ ರೇಡಿಯೇಟರಿನ ಮುಚ್ಚಳದಿಂದ ಬಿಸಿಯಾವಿ ಚಿಮ್ಮಿತು. ಎಂಜಿನ್ ಕೂಡಲೇ ನಿಲ್ಲಿಸಿದ್ದರಿಂದ ಹೆಡ್ ಗ್ಯಾಸ್ಕೆಟ್ ಉಳಿಯಿತು. ಒಂಟೆಯ ಮೇಲೆ ಕುಳಿತಿದ್ದ ಪ್ರವಾಸಿಗರೆಲ್ಲ ನಮ್ಮತ್ತ ತಿರುಗಿ ಮೊಬೈಲ್ ಹಿಡಿದಿದ್ದರು. ತಂದೆಯವರ ಜೀಪು, ಅವರ ಆಸೆಯ ಊರು, ಅಲ್ಲಿ ನಾವು ಇನ್ನೊಬ್ಬರ ಜೀಪಿಗೆ ಹಗ್ಗ ಕಟ್ಟಿಸಿಕೊಂಡು ಎಳೆಸಿಕೊಂಡೆವು. ತಮ್ಮ ಆ ರಾತ್ರಿ ಊಟ ಮಾಡಲಿಲ್ಲ, ನನಗೂ ಸೇರಲಿಲ್ಲ.

ಮರುದಿನ ಜೈಸಲ್ಮೇರಿನ ಒಬ್ಬ ಮೆಕ್ಯಾನಿಕ್ ನನ್ನ ಎದುರೇ ಎಲ್ಲವನ್ನೂ ಬಿಚ್ಚಿದರು. ಬಲಗಡೆ, ಅಂದರೆ ಡ್ರೈವರ್ ಕಡೆ, ಡ್ರೈವ್ ಫ್ಲ್ಯಾಂಜ್ ನಿಜವಾಗಿಯೂ ಹೊಸದು. ಎಡಗಡೆಯದು ಹಳೆಯದೇ, ಸೀಮೆಎಣ್ಣೆಯಲ್ಲಿ ತೊಳೆದು ಬೆಳ್ಳಿಬಣ್ಣ ಬಳಿದದ್ದು, ಒಳಗೆ ಹಲ್ಲೆಂಬುದೇ ಉಳಿದಿರಲಿಲ್ಲ. ಒಂದು ಕಡೆ ಹಾಳಾದರೂ, ಎರಡು ಗಾಲಿಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಬಲವೆಲ್ಲವನ್ನೂ ಆ ಸಡಿಲ ಬದಿಗೇ ಸುರಿದುಬಿಡುವುದರಿಂದ ಎರಡೂ ಮುಂಗಾಲಿಗಳು ನಿಲ್ಲುತ್ತವೆ. ಚೀಟಿಯಲ್ಲಿ ಮಾತ್ರ ಎರಡರ ಹಣ. ರೇಡಿಯೇಟರಿನ ಕಪ್ಪು ಬಣ್ಣ ಕೆರೆದರೆ ಅದೇ ಹಳೆಯ ತಾಮ್ರದ ಕೋರ್. ಸೋರುತ್ತಿದ್ದ ಹನ್ನೊಂದು ಕೊಳವೆಗಳನ್ನು ಬೆಸುಗೆ ಹಾಕಿ ಮುಚ್ಚಿದ್ದರು, ಉಳಿದವುಗಳಲ್ಲಿ ಅರ್ಧಕ್ಕರ್ಧ ತುಕ್ಕಿನ ಕೆಸರು. ಕೊನೆಗೆ ಥರ್ಮೋಸ್ಟಾಟ್ ಇರುವ ಕವಚ ತೆರೆದರು. ಒಳಗೆ ಏನೂ ಇರಲಿಲ್ಲ, ಖಾಲಿ. ಮುಳ್ಳಯ್ಯನಗಿರಿಯ ಚಳಿಯಲ್ಲಿ ಮುಳ್ಳು ಮೇಲೇಳದಿದ್ದುದಕ್ಕೆ ಕಾರಣ ಹೊಸ ಕೋರ್ ಅಲ್ಲ. ಎಂಜಿನ್ ಕಾಯುವವರೆಗೆ ನೀರನ್ನು ತಡೆದು ನಿಲ್ಲಿಸುವ ಆ ಸಾಧನವನ್ನೇ ಕಿತ್ತುಹಾಕಿದ್ದರಿಂದ ತಣ್ಣೀರು ಮೊದಲಿನಿಂದಲೇ ಸುತ್ತುತ್ತಿತ್ತು. ನಮ್ಮ ಮಲೆನಾಡಿನ ಹವೆಯಲ್ಲಿ ಇದು ವರ್ಷಗಟ್ಟಲೆ ಗೊತ್ತಾಗದೆ ಹೋಗಬಹುದು. ಗೊತ್ತಾಗುವುದು ಬಿಸಿಲು, ಭಾರ, ಲೋ ಗೇರು ಮೂರೂ ಸೇರಿದಾಗ. ನಾನು ಎಲ್ಲಿಗೆ ಹೋಗುತ್ತೇನೆಂದು ತಿಳಿದೂ ಇದನ್ನು ಮಾಡಿದರಲ್ಲ ಎಂಬುದೇ ನನ್ನ ಸಿಟ್ಟು. ನ್ಯಾಯವಾಗಿ ಹೇಳಬೇಕೆಂದರೆ ಕ್ಲಚ್ ಪ್ಲೇಟ್ ಹೊಸದಿತ್ತು, ಎಣ್ಣೆಯ ಬಟ್ಟಲಿರುವ ಏರ್ ಫಿಲ್ಟರನ್ನೂ ಚೊಕ್ಕಟವಾಗಿ ತೊಳೆದಿದ್ದರು. ಕೆಲಸ ಬರುವವರೇ ಹೀಗೆ ಮಾಡಿದರು.

ಅಲ್ಲಿಂದಲೇ ಫೋನ್ ಮಾಡಿದೆ. ಮೊದಲ ಉತ್ತರ: “ಮರಳಿಗೆ ಯಾಕೆ ಇಳ್ಸಿದ್ರಿ ಸಾರ್, ಅಷ್ಟು ಹಳೇ ಗಾಡೀನ?” ಮರಳಿಗೆ ಹೋಗುತ್ತೇನೆಂದು ಹೇಳಿಯೇ ಬಿಟ್ಟಿದ್ದೆನಲ್ಲ ಎಂದೆ. “ನಾನು ಬಿಡುವಾಗ ಸರಿಯಾಗಿತ್ತಲ್ಲ, ನೀವೇ ಬಗ್ಗಿ ನೋಡಿದ್ರಲ್ಲ.” ನಾನು ಬಗ್ಗಿ ನೋಡಿದ್ದನ್ನೇ ಅವರು ನನ್ನ ವಿರುದ್ಧ ಸಾಕ್ಷಿಯಾಗಿ ಹಿಡಿದರು. ಥರ್ಮೋಸ್ಟಾಟ್ ವಿಷಯ ಎತ್ತಿದ್ದಕ್ಕೆ, “ಅದು ಎಲ್ಲಾರೂ ತೆಗೀತಾರೆ ಸಾರ್, ನಿಮ್ಮ ಒಳ್ಳೇದಕ್ಕೇ ತೆಗ್ದಿದ್ದು” ಎಂದರು. ಒಳ್ಳೆಯದಕ್ಕೆ ತೆಗೆದವರು ನನಗೇಕೆ ಹೇಳಲಿಲ್ಲ? ಕೋರಿನ ಚಿತ್ರಗಳನ್ನು ವಾಟ್ಸಾಪ್‌ನಲ್ಲಿ ಕಳುಹಿಸಿದೆ. ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ. ಎರಡು ದಿನ ಬಿಟ್ಟು, “ಅಲ್ಲಿಯೋರು ನಿಮ್ಮ ಹೊಸ ಕೋರ್ ಬದಲಾಯ್ಸಿ ಹಳೇದು ತೋರ್ಸಿದಾರೆ” ಎಂಬ ಧ್ವನಿ ಸಂದೇಶ ಬಂತು. ನನ್ನ ಕಣ್ಣೆದುರು ಬಿಚ್ಚಿದವರ ಮೇಲೆಯೇ ಕಳ್ಳತನದ ಆರೋಪ. ಊರಿಗೆ ಮರಳಿ ನೇರವಾಗಿ ಗ್ಯಾರೇಜಿಗೆ ಹೋದಾಗ ಹೇಳಿದ ಮಾತು ಇನ್ನೂ ಚುಚ್ಚುತ್ತದೆ: “ನೀವು ದೊಡ್ಡ ತೋಟದೋರು, ಇಷ್ಟಕ್ಕೆಲ್ಲಾ ಯಾಕೆ ಬೇಜಾರು ಮಾಡ್ಕೋತೀರಾ.” ನಮ್ಮದು ದೊಡ್ಡ ತೋಟವಲ್ಲ. ದೊಡ್ಡದಾಗಿದ್ದರೂ ಅದು ಉತ್ತರವಲ್ಲ.

ಜೈಸಲ್ಮೇರಿನಲ್ಲಿ ಕೋರ್, ಫ್ಲ್ಯಾಂಜ್, ಥರ್ಮೋಸ್ಟಾಟ್ ಹಾಕಿಸಲು ಮತ್ತೆ 23,000 ರೂಪಾಯಿ, ಐದು ದಿನ ಹೋಯಿತು. ಗಡಿಯ ಕಡೆಯ ತನೋಟ್, ಲೋಂಗೇವಾಲಾ ಯಾವುದನ್ನೂ ನೋಡಲಾಗಲಿಲ್ಲ.

ನಿಮಗೆ ಹೇಳುವುದಿಷ್ಟು. ಹೊಸದು ಹಾಕಿದ್ದೇವೆಂದರೆ ತೆಗೆದ ಹಳೆಯದನ್ನು ಕೈಗೆ ಕೊಡಲಿ, ಗುಜರಿಗೆ ಹೋಯಿತೆಂದರೆ ಹಣ ಕೊಡಬೇಡಿ. ಫೋರ್ ವೀಲ್ ಪರೀಕ್ಷಿಸಲು ಬಗ್ಗಿ ಶಾಫ್ಟ್ ನೋಡಿ ಮೋಸಹೋಗಬೇಡಿ: ಸಮತಟ್ಟು ಜಾಗದಲ್ಲಿ ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು, ಒಂದು ಮುಂಗಾಲಿಯನ್ನು ಜ್ಯಾಕ್‌ನಿಂದ ಎತ್ತಿ, ಎಂಜಿನ್ ಆರಿಸಿ, ಗೇರು ಮತ್ತು ಫೋರ್ ವೀಲ್ ಎರಡನ್ನೂ ಹಾಕಿ, ಎತ್ತಿದ ಗಾಲಿಯನ್ನು ಕೈಯಿಂದ ತಿರುಗಿಸಿ ನೋಡಿ. ಅದು ತಿರುಗಬಾರದು. ಸಲೀಸಾಗಿ ತಿರುಗಿದರೆ ಹಬ್ಬಿನಲ್ಲೋ ಆ್ಯಕ್ಸಲಿನಲ್ಲೋ ಸಂಪರ್ಕ ಕಡಿದಿದೆಯೆಂದೇ ಅರ್ಥ. ಹತ್ತು ನಿಮಿಷದ ಈ ಕೆಲಸ ಮಾಡಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ. ಶಾಖದ ಪರೀಕ್ಷೆಯನ್ನು ಮಂಜಿನ ಬೆಟ್ಟದಲ್ಲಿ ಮಾಡಬೇಡಿ. ನಡುಮಧ್ಯಾಹ್ನ, ಭಾರ ಹೇರಿ, ಒಣಗಿದ ಗದ್ದೆಯಲ್ಲಿ ಲೋ ಗೇರಿನಲ್ಲಿ ಅರ್ಧ ಗಂಟೆ ಓಡಿಸಿ. ಹೊಳೆಯುವ ಬಣ್ಣ ಕಂಡರೆ ಉಗುರಿನಿಂದ ಕೆರೆದು ನೋಡಿ.

ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಅನುಚಿತ ವ್ಯಾಪಾರ ಪದ್ಧತಿಯೇ ಆಗಿದೆ. ಘಟನೆ ನಡೆದ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನಾನು ವಿಷಯ ದಾಖಲಿಸಿದ್ದೇನೆ, ಮಾಲೀಕರಿಗೆ ನೋಂದಾಯಿತ ಅಂಚೆಯಲ್ಲಿ ನೋಟಿಸನ್ನೂ ಕಳುಹಿಸಿದ್ದೇನೆ. ಹಲ್ಲಿಲ್ಲದ ಆ ಫ್ಲ್ಯಾಂಜನ್ನೂ ಬೆಸುಗೆಯ ಕೋರನ್ನೂ ಜೈಸಲ್ಮೇರಿನಿಂದ ಗೋಣಿಚೀಲದಲ್ಲಿ ಕಟ್ಟಿ ತಂದು ನಮ್ಮ ಕಾಫಿ ಗೋದಾಮಿನಲ್ಲಿ ಇಟ್ಟಿದ್ದೇನೆ. ಆಯೋಗದ ಮುಂದೆ ಇಡುವವರೆಗೆ ಅವು ಅಲ್ಲೇ ಇರುತ್ತವೆ.